ಆ್ಯಪ್ ಹಾಕಿಸಿಕೊಂಡರು, ಬಳಸಲಿಲ್ಲ: ಮಂಗಳೂರಿನ ಒಂದು ಪಿಗ್ಮಿ ಆ್ಯಪ್‌ನ ಪ್ರಕರಣ ಅಧ್ಯಯನ

ಮಂಗಳೂರಿನ ಒಂದು ಪತ್ತಿನ ಸಹಕಾರ ಸಂಘ ತನ್ನ ಪಿಗ್ಮಿ (ದಿನವೂ ಸ್ವಲ್ಪ ಸ್ವಲ್ಪ ಕಟ್ಟುವ ಉಳಿತಾಯ) ಸದಸ್ಯರಿಗಾಗಿ ಮೊಬೈಲ್ ಆ್ಯಪ್ ಮಾಡಿಸಿತ್ತು. ಅದರಲ್ಲಿ ಮುಖ್ಯವಾಗಿ ಎರಡು ಕೆಲಸ. ಖಾತೆಯಲ್ಲಿ ಎಷ್ಟು ಸೇರಿದೆ ಎಂದು ನೋಡಬಹುದು, ಆ ದಿನದ ಪಿಗ್ಮಿಯನ್ನು ಯುಪಿಐ ಮೂಲಕ ಕಟ್ಟಬಹುದು. ಪಿಗ್ಮಿ ಹಣ ಸಂಗ್ರಹಿಸುವ ಸಂಘದ ಕಲೆಕ್ಟರ್‌ಗಳು ಅಂಗಡಿ ಅಂಗಡಿಗೆ ಹೋದಾಗ ಸದಸ್ಯರ ಫೋನ್‌ಗೆ ಅದನ್ನು ಹಾಕಿಸಿಯೂ ಕೊಟ್ಟರು. ಆದರೆ ಹಾಕಿಸಿಕೊಂಡವರಲ್ಲಿ ಹೆಚ್ಚಿನವರು ಕೆಲವು ಸಲ ತೆರೆದು ನೋಡಿ ಬಿಟ್ಟುಬಿಟ್ಟರು. ಪಿಗ್ಮಿ ಎಂದಿನಂತೆ ಕಲೆಕ್ಟರ್ ಕೈಗೇ ಹೋಗುತ್ತಿತ್ತು. ಅದರ ಮೇಲೆ, ‘ನನ್ನ ಪಿಗ್ಮಿ ಎಷ್ಟಾಯ್ತು?’ ಎಂದು ಶಾಖೆಗೆ ಬರುವ ಫೋನು ಕಡಿಮೆಯಾಗುವ ಬದಲು ಜಾಸ್ತಿಯಾಗಿತ್ತು.

ಯಾಕೆ ಹೀಗೆ ಎಂದು ಹುಡುಕಿಕೊಡಲು ಸಂಘದವರು ನನಗೆ ಮತ್ತು ನನ್ನ ಸಹೋದ್ಯೋಗಿಗೆ ಹೇಳಿದರು. ಯೂಸರ್ ಎಕ್ಸ್‌ಪೀರಿಯನ್ಸ್ ರಿಸರ್ಚ್, ಅಂದರೆ ಜನ ಒಂದು ವಸ್ತುವನ್ನು ಹೇಗೆ ಬಳಸುತ್ತಾರೆ, ಎಲ್ಲಿ ಎಡವುತ್ತಾರೆ ಎಂದು ತಿಳಿಯುವುದು, ನಮ್ಮ ಕೆಲಸ. ಯಾವ ಪ್ರಶ್ನೆಗೆ ಯಾವ ವಿಧಾನ ಹಿಡಿದೆವು, ಯಾವುದನ್ನು ಬಿಟ್ಟೆವು, ಯಾಕೆ ಎಂದು ಇಲ್ಲಿ ಬರೆಯುತ್ತಿದ್ದೇನೆ. ಸಂಘದ ಹೆಸರು, ಜನರ ಹೆಸರು, ಖಾತೆಯ ವಿವರ ಯಾವುದೂ ಇಲ್ಲಿಲ್ಲ.

ಪಿಗ್ಮಿ ನಮ್ಮ ಕರಾವಳಿಯದೇ ಪದ್ಧತಿ. 1925ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಸೇರಿ ಕಟ್ಟಿದ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ಆ ಬ್ಯಾಂಕು 1928ರಲ್ಲಿ ಪಿಗ್ಮಿ ಶುರು ಮಾಡಿತು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಏಜೆಂಟರು ಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಿದ್ದರು. 2020ರ ಏಪ್ರಿಲ್ 1ರಂದು ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಮಾತ್ರ ಊರೂರಿನ ಸಹಕಾರ ಸಂಘಗಳಲ್ಲಿ ಇವತ್ತಿಗೂ ನಡೆಯುತ್ತಿದೆ. ನೂರು ವರ್ಷದ ಹತ್ತಿರ ಬಂದಿರುವ ಈ ಅಭ್ಯಾಸದ ಪಕ್ಕದಲ್ಲಿ ಆ್ಯಪ್ ಬಂದು ನಿಂತಿತ್ತು. ಹಾಗಾಗಿ ಸ್ಕ್ರೀನ್ ಒಂದನ್ನೇ ನೋಡಿದರೆ ಸಾಲದು ಎಂದು ಮೊದಲೇ ಅನಿಸಿತ್ತು.

ಸಭೆಯಲ್ಲಿ ಆಗಲೇ ಇದ್ದ ಉತ್ತರಗಳು

ನಾವು ಹೋಗುವ ಹೊತ್ತಿಗೆ ಆಡಳಿತ ಮಂಡಳಿಯವರ ಹತ್ತಿರ ಉತ್ತರಗಳು ತಯಾರಿದ್ದವು. ಆ್ಯಪ್ ಕಷ್ಟ ಇದೆ, ಡಿಸೈನ್ ಬದಲಾಯಿಸಬೇಕು ಎಂದರು ಮ್ಯಾನೇಜರ್. ಜನರಿಗೆ ಇದರ ಉಪಯೋಗ ಗೊತ್ತಿಲ್ಲ, ಬ್ಯಾನರ್ ಹಾಕಿಸೋಣ ಎಂದರು ನಿರ್ದೇಶಕರೊಬ್ಬರು. ಯುಪಿಐ ಪಾವತಿ ಅರ್ಧಕ್ಕೇ ನಿಲ್ಲುತ್ತಿರಬಹುದು, ಎರಡು ಬಗೆಯ ಸ್ಕ್ರೀನ್ ಮಾಡಿ, ಕೆಲವರಿಗೆ ಒಂದು, ಉಳಿದವರಿಗೆ ಇನ್ನೊಂದು ತೋರಿಸಿ ಹೋಲಿಸುವ ಎ-ಬಿ ಟೆಸ್ಟ್ ಮಾಡೋಣ ಎಂದರು ಆ್ಯಪ್ ಮಾಡಿದ ಕಂಪನಿಯವರು. ಇಷ್ಟೆಲ್ಲ ಯಾಕೆ, ಒಂದು ಗೂಗಲ್ ಫಾರ್ಮ್ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಎಲ್ಲರಿಗೂ ಕಳಿಸಿದರೆ ನಾಳೆಯೇ ಗೊತ್ತಾಗುತ್ತದಲ್ಲ ಎಂದರು ಇನ್ನೊಬ್ಬ ನಿರ್ದೇಶಕರು. ಸರ್ವೇ ಮಾತಿಗೇ ಬೆಂಬಲ ಜಾಸ್ತಿ. ಖರ್ಚಿಲ್ಲ, ಬೇಗ ಮುಗಿಯುತ್ತದೆ, ಮಹಾಸಭೆಯಲ್ಲಿ ತೋರಿಸಲು ಶೇಕಡಾ ಲೆಕ್ಕವೂ ಸಿಗುತ್ತದೆ.

ನಾವು ಕೇಳಿದ್ದು ಒಂದೇ: ‘ಉತ್ತರ ಸಿಕ್ಕಿದ ಮೇಲೆ ನೀವು ತೀರ್ಮಾನ ಮಾಡಬೇಕಾದ್ದು ಯಾವುದು?’

ಸ್ವಲ್ಪ ಹೊತ್ತು ಮಾತಾಡಿದ ಮೇಲೆ ವಿಷಯ ಹೊರಗೆ ಬಂತು. ಹೊಸ ಡಿಸೈನ್‌ಗೆ ಕಂಪನಿಯವರು ಎಸ್ಟಿಮೇಟ್ ಕೊಟ್ಟಿದ್ದರು. ಅದಕ್ಕೆ ಒಪ್ಪಬೇಕೋ ಬೇಡವೋ ಎಂದು ಮಂಡಳಿ ಹೇಳಬೇಕಿತ್ತು. ಅಂದರೆ ನಿಜವಾದ ಪ್ರಶ್ನೆ ಇದು: ಜನ ಬಿಟ್ಟು ಹೋಗಲು ಕಾರಣ ಸ್ಕ್ರೀನ್‌ನಲ್ಲಿದೆಯೇ, ಬೇರೆ ಕಡೆ ಇದೆಯೇ? ಇಷ್ಟು ಸ್ಪಷ್ಟವಾದ ಮೇಲೆ ವಿಧಾನ ಆರಿಸುವುದು ಎಷ್ಟೋ ಸುಲಭವಾಯಿತು. ಯಾಕೆಂದರೆ ಮೇಜಿನ ಮೇಲಿದ್ದ ಪ್ರತಿಯೊಂದು ವಿಧಾನವನ್ನೂ ‘ಇದು ಆ ಪ್ರಶ್ನೆಗೆ ಉತ್ತರ ಕೊಡುತ್ತದಾ?’ ಎಂದು ಕೇಳಿ ನೋಡಬಹುದಿತ್ತು.

ಸರ್ವೇಯನ್ನು ಮೊದಲು ತೆಗೆದುಕೊಂಡೆವು. ‘ಆ್ಯಪ್ ಯಾಕೆ ಬಳಸುವುದಿಲ್ಲ?’ ಎಂದು ಕೇಳಿ ಕೆಳಗೆ ಐದು ಕಾರಣ ಕೊಟ್ಟರೆ, ಆ ಐದನ್ನು ಬರೆದವರು ನಾವು. ಆರನೆಯ ಕಾರಣ ಇದ್ದರೆ ಅದು ಫಾರ್ಮ್‌ನೊಳಗೆ ಬರುವುದೇ ಇಲ್ಲ. ಅರ್ಧ ಜನ ‘ಕಷ್ಟ’ ಎಂದು ಟಿಕ್ ಮಾಡಿದರೂ ಯಾವುದು ಕಷ್ಟ ಎಂದು ಗೊತ್ತಾಗುವುದಿಲ್ಲ. ಆದರೆ ಆ ಸಂಖ್ಯೆ ನೋಡಿದ ತಕ್ಷಣ ಡಿಸೈನ್ ಎಸ್ಟಿಮೇಟ್‌ಗೆ ಸಹಿ ಬೀಳುತ್ತದೆ. ಇನ್ನೊಂದು ತೊಂದರೆ, ಫಾರ್ಮ್ ತುಂಬುವವರು ಯಾರು ಎನ್ನುವುದು. ಇಲ್ಲಿ ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತಾಡುವವರೇ ಹೆಚ್ಚು. ಉದ್ದದ ಕನ್ನಡ ಫಾರ್ಮ್ ಬಂದರೆ ಅನೇಕರು ಮಗನ ಕೈಗೋ ಕಲೆಕ್ಟರ್ ಕೈಗೋ ಫೋನ್ ಕೊಡುತ್ತಾರೆ. ಫೋನ್ ಚೆನ್ನಾಗಿ ಬಳಸುವವರು ಮಾತ್ರ ತಾವೇ ತುಂಬುತ್ತಾರೆ. ಬಿಟ್ಟು ಹೋದವರನ್ನು ತಿಳಿಯಲು ಹೊರಟವರಿಗೆ ಉಳಿದವರ ಉತ್ತರ ಸಿಗುತ್ತದೆ.

ಸರ್ವೇ ಕೆಟ್ಟ ವಿಧಾನ ಎಂದು ಯಾರೂ ತಿಳಿಯಬಾರದು. ಕಾರಣ ಗೊತ್ತಾದ ಮೇಲೆ, ಎಷ್ಟು ಜನರಿಗೆ ಅದು ತಟ್ಟಿದೆ ಎಂದು ಅಳೆಯಲು ಅದರಷ್ಟು ಒಳ್ಳೆಯದು ಬೇರೆ ಇಲ್ಲ. ಸದಸ್ಯರ ಪಟ್ಟಿಯಿಂದ ಚೀಟಿ ಎತ್ತಿದ ಹಾಗೆ ಆರಿಸಿದ ಸುಮಾರು 100 ಜನ ಉತ್ತರಿಸಿದರೆ, ಸಿಗುವ ಶೇಕಡಾ ಲೆಕ್ಕ ನಿಜಕ್ಕಿಂತ ಹೆಚ್ಚೆಂದರೆ 10ರಷ್ಟು ಆಚೀಚೆ ಇರುತ್ತದೆ. ಸುಮಾರು 385 ಜನರಾದರೆ 5ರಷ್ಟು ಆಚೀಚೆ. ನೂರರಲ್ಲಿ 95 ಸಲ ಈ ಲೆಕ್ಕ ಹಿಡಿಯುತ್ತದೆ. ಆದರೆ ಆರಿಸುವುದು ನಾವಾಗಿರಬೇಕು. ಮನಸ್ಸಿದ್ದವರು ತುಂಬಿ ಕಳಿಸಿದ ಸಾವಿರ ಫಾರ್ಮ್‌ಗೂ ಈ ಭರವಸೆ ಇಲ್ಲ. ಹಾಗಾಗಿ ಸರ್ವೇಯನ್ನು ಕೊನೆಗೆ ಇಟ್ಟುಕೊಂಡೆವು.

ಎ-ಬಿ ಟೆಸ್ಟ್ ವಿಷಯ ಬೇಗ ಮುಗಿಯಿತು. ನೂರರಲ್ಲಿ 5 ಜನ ಪಾವತಿ ಮಾಡುತ್ತಿದ್ದದ್ದು 6ಕ್ಕೆ ಏರಿತೋ ಇಲ್ಲವೋ ಎಂದು ನಂಬುವಷ್ಟು ಖಚಿತವಾಗಿ ಹೇಳಲು ಒಂದೊಂದು ಸ್ಕ್ರೀನ್‌ಗೂ ಸುಮಾರು 8,000 ಜನ ಬೇಕು. ಆ್ಯಪ್ ತೆರೆಯುವವರೇ ಅಷ್ಟಿಲ್ಲದ ಕಡೆ ಅದು ನಡೆಯುವ ಮಾತಲ್ಲ. ಅಷ್ಟಿದ್ದರೂ ಎರಡರಲ್ಲಿ ಯಾವ ಸ್ಕ್ರೀನ್ ವಾಸಿ ಎಂದಷ್ಟೇ ಅದು ಹೇಳುತ್ತಿತ್ತು. ಕೆಲವರನ್ನು ಒಟ್ಟಿಗೆ ಕೂರಿಸಿ ಮಾತಾಡಿಸುವ ಫೋಕಸ್ ಗ್ರೂಪ್ ಕೂಡ ಬೇಡ ಎಂದೆವು. ಸಂಘದ ಹಾಲ್‌ನಲ್ಲಿ, ಸಾಲ ಕೊಡುವವರ ಎದುರು ಕೂತು ‘ನಿಮ್ಮ ಆ್ಯಪ್ ಸರಿ ಇಲ್ಲ’ ಎಂದು ಹೇಳುವ ಸದಸ್ಯರು ತುಂಬ ಕಡಿಮೆ. ಕಂಪನಿಯವರು ಎಸ್‌ಯುಎಸ್ (ಸಿಸ್ಟಂ ಯೂಸಬಿಲಿಟಿ ಸ್ಕೇಲ್) ಅಂಕ ತೆಗೆಯೋಣ ಎಂದೂ ಹೇಳಿದ್ದರು. 1986ರಲ್ಲಿ ಜಾನ್ ಬ್ರೂಕ್ ಮಾಡಿದ ಹತ್ತು ಹೇಳಿಕೆಗಳ ಪಟ್ಟಿ ಅದು. ನೂರಕ್ಕೆ 68ರ ಆಸುಪಾಸು ಬಂದರೆ ಸಾಧಾರಣ ಎಂದು ಲೆಕ್ಕ. ಬಳಸಿದವರಿಗೆ ಎಷ್ಟು ಸಲೀಸು ಎನಿಸಿತು ಎಂದು ಅದು ತೋರಿಸುತ್ತದೆ, ಎಲ್ಲಿ ಯಾಕೆ ಎಡವಿದರು ಎಂದು ತೋರಿಸುವುದಿಲ್ಲ. ಅದರಲ್ಲಿ ಒಂದು ಹೊಗಳುವ ಹೇಳಿಕೆ, ಮುಂದಿನದು ತೆಗಳುವ ಹೇಳಿಕೆ. ಅಂಗಡಿಯ ಗದ್ದಲದಲ್ಲಿ ಓದಿ ಹೇಳಿದರೆ ಗೊಂದಲವಾಗುವುದು ಖಂಡಿತ.

ಮೂರು ಪ್ರಶ್ನೆಯ ನಕ್ಷೆ

ವಿಧಾನ ಆರಿಸುವಾಗ ನಾವು ಯಾವಾಗಲೂ ಕ್ರಿಶ್ಚಿಯನ್ ರೋಹ್ರರ್ ಅವರ ನಕ್ಷೆಯನ್ನು ಮುಂದಿಟ್ಟುಕೊಳ್ಳುತ್ತೇವೆ. ನಮ್ಮ ಕ್ಷೇತ್ರದ ಸಲಹಾ ಸಂಸ್ಥೆ ನೀಲ್ಸನ್ ನಾರ್ಮನ್ ಗ್ರೂಪ್ ಪ್ರಕಟಿಸಿದ್ದು. ಅದರಲ್ಲಿ 20 ವಿಧಾನಗಳಿವೆ. ಹೆದರಿಸುವ ಹಾಗೆ ಕಂಡರೂ ಕೇಳಬೇಕಾದ್ದು ಮೂರೇ. ಜನ ಹೇಳುವುದು ಬೇಕಾ, ಮಾಡುವುದು ಬೇಕಾ? ‘ಯಾಕೆ’ ಎಂಬುದು ಬೇಕಾ, ‘ಎಷ್ಟು’ ಎಂಬುದು ಬೇಕಾ? ಜನ ತಮ್ಮ ಪಾಡಿಗೆ ಬಳಸುತ್ತಿರುವಾಗ ನೋಡಬೇಕಾ, ನಾವು ಕೊಟ್ಟ ಕೆಲಸ ಮಾಡುವಾಗ ನೋಡಬೇಕಾ?

ನಮ್ಮ ಪ್ರಕರಣಕ್ಕೆ ಇದನ್ನು ಹೊಂದಿಸಿ ನೋಡಿದೆವು. ಆ್ಯಪ್ ಬಿಟ್ಟದ್ದು ಜನ ಮಾಡಿದ ಕೆಲಸ. ಹಾಗಾಗಿ ಮಾಡುವುದನ್ನು ನೋಡಬೇಕು. ಕಾರಣ ಗೊತ್ತಿಲ್ಲ. ಹಾಗಾಗಿ ಮೊದಲು ‘ಯಾಕೆ’. ಪಿಗ್ಮಿ ಕಟ್ಟುವುದು ಅಂಗಡಿಯಲ್ಲಿ, ಮಾರುಕಟ್ಟೆಯಲ್ಲಿ, ವ್ಯಾಪಾರದ ನಡುವೆ. ಹಾಗಾಗಿ ಅಲ್ಲಿಗೇ ಹೋಗಬೇಕು. ಮೂರೂ ಉತ್ತರ ಕೂಡಿಸಿದರೆ ಸಿಗುವುದು ಸ್ಥಳದಲ್ಲೇ ನಿಂತು ನೋಡಿ ಕೇಳುವ ವಿಧಾನ. ಇದಕ್ಕೆ ಕಾಂಟೆಕ್ಸ್‌ಚುವಲ್ ಇನ್‌ಕ್ವೈರಿ ಎನ್ನುತ್ತಾರೆ. ಇದನ್ನು ವಿವರಿಸಿ ಬರೆದ ಹ್ಯೂ ಬೇಯರ್ ಮತ್ತು ಕ್ಯಾರೆನ್ ಹೋಲ್ಟ್ಸ್‌ಬ್ಲಾಟ್ ಇದಕ್ಕೆ ಹೇಳುವ ನಿಯಮ ನನಗೆ ತುಂಬ ಇಷ್ಟ. ಕೆಲಸ ಮಾಡುವವರು ಗುರು, ನೋಡಲು ಹೋದವರು ಶಿಷ್ಯ. ಶಿಷ್ಯ ಕಲಿಸಲು ಹೋಗಬಾರದು, ತಿದ್ದಲು ಹೋಗಬಾರದು. ನೋಡಬೇಕು, ತಿಳಿಯದ ಕಡೆ ಕೇಳಬೇಕು.

ಹೋಗುವ ಮುಂಚೆ ಖರ್ಚಿಲ್ಲದ ಒಂದು ಕೆಲಸ ಬಾಕಿ ಇತ್ತು. ಆ್ಯಪ್‌ನ ಲಾಗ್, ಅಂದರೆ ಬಳಕೆಯ ದಾಖಲೆ, ನೋಡುವುದು. ಯಾರು ಎನ್ನುವುದನ್ನು ತೆಗೆದುಹಾಕಿ, ಯಾವಾಗ ತೆರೆದರು, ಯಾವ ಸ್ಕ್ರೀನ್‌ಗೆ ಹೋದರು ಎನ್ನುವುದನ್ನಷ್ಟೇ ಕೊಡಿ ಎಂದು ಕಂಪನಿಗೆ ಹೇಳಿದೆವು. ಎಷ್ಟೋ ಸಂಸ್ಥೆಗಳು ಇರುವ ಲಾಗನ್ನು ತೆರೆಯದೆ ಹೊಸ ರಿಸರ್ಚ್‌ಗೆ ಹಣ ಹಾಕುತ್ತವೆ. ದಯವಿಟ್ಟು ಹಾಗೆ ಮಾಡಬೇಡಿ.

ಲಾಗ್‌ನಲ್ಲಿ ಎರಡು ವಿಷಯ ಕಂಡಿತು. ಪಾವತಿ ನಡುವೆ ನಿಲ್ಲುತ್ತಿರಲಿಲ್ಲ. ಹೆಚ್ಚಿನವರು ಪಾವತಿಯ ಬಟನನ್ನು ಒತ್ತಿಯೇ ಇರಲಿಲ್ಲ. ಅಲ್ಲಿಗೆ ಕಂಪನಿಯವರ ಊಹೆ ಬಿದ್ದುಹೋಯಿತು. ಎರಡನೆಯದು ವಿಚಿತ್ರವಾಗಿತ್ತು. ಆ್ಯಪ್ ತೆರೆಯುತ್ತಿದ್ದದ್ದು ಹೆಚ್ಚಾಗಿ ಬೆಳಗ್ಗೆ 11ರಿಂದ 1ರ ಒಳಗೆ. ಒಟ್ಟು ಮೊತ್ತದ ಸ್ಕ್ರೀನ್ ನೋಡಿ ಮುಚ್ಚುತ್ತಾರೆ. ಅದೇ ಫೋನ್‌ನಿಂದ ಸ್ವಲ್ಪ ಹೊತ್ತಿನಲ್ಲಿ ಮತ್ತೆ ತೆರೆಯುತ್ತಾರೆ, ಅದೇ ಸ್ಕ್ರೀನ್, ಮತ್ತೆ ಮುಚ್ಚುತ್ತಾರೆ. ಕೆಲವು ದಿನ ಹೀಗೆ ಮಾಡಿದವರು ಆಮೇಲೆ ಬರುವುದೇ ಇಲ್ಲ. ಶಾಖೆಗೆ ಫೋನ್ ಬರುವುದೂ ಹೆಚ್ಚಾಗಿ ಅದೇ ಹೊತ್ತಿನಲ್ಲಿ. ಎಲ್ಲಿ ನೋಡಬೇಕು, ಎಷ್ಟು ಹೊತ್ತಿಗೆ ನೋಡಬೇಕು ಎಂದು ಲಾಗ್ ತೋರಿಸಿಕೊಟ್ಟಿತು. ಒಂದೇ ಸ್ಕ್ರೀನನ್ನು ಎರಡೆರಡು ಸಲ ಯಾಕೆ ನೋಡುತ್ತಾರೆ ಎನ್ನುವುದಕ್ಕೆ ಅದರಲ್ಲಿ ಉತ್ತರ ಇರಲಿಲ್ಲ.

ದಕ್ಕೆ, ಕಂಕನಾಡಿ, ಸ್ಟೇಟ್‌ಬ್ಯಾಂಕ್

ಯಾವಾಗ ಹೋಗುವುದು ಎಂಬುದೂ ವಿಧಾನದ ಭಾಗವೇ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆ ಎರಡು ತಿಂಗಳು ದಕ್ಕೆಯ (ಮೀನುಗಾರಿಕೆ ಬಂದರಿನ) ಸುತ್ತಮುತ್ತ ವ್ಯಾಪಾರ ಇಳಿಯುತ್ತದೆ, ಪಿಗ್ಮಿಯೂ ಇಳಿಯುತ್ತದೆ. ಜುಲೈಯಲ್ಲಿ ಹೋಗಿ ‘ಯಾಕೆ ಕಟ್ಟುತ್ತಿಲ್ಲ?’ ಎಂದು ಕೇಳಿದರೆ ‘ದುಡ್ಡಿಲ್ಲ’ ಎಂಬ ಉತ್ತರ ಬರುತ್ತಿತ್ತು. ಆ ಹೊತ್ತಿಗೆ ಅದು ಸತ್ಯವೇ, ಆದರೆ ನಮ್ಮ ಪ್ರಶ್ನೆಗೆ ಸಂಬಂಧಿಸಿದ್ದಲ್ಲ. ದೋಣಿಗಳು ಮತ್ತೆ ಕಡಲಿಗಿಳಿದು ವ್ಯಾಪಾರ ಹದಕ್ಕೆ ಬರಲಿ ಎಂದು ಆಗಸ್ಟ್ ನಡುವಿನವರೆಗೆ ಕಾದೆವು.

ದಕ್ಕೆಯ ಮೀನು ಮಾರುವ ಹೆಂಗಸರು, ಕಂಕನಾಡಿ ಮಾರ್ಕೆಟ್ ಸುತ್ತಲಿನ ಸಣ್ಣ ಅಂಗಡಿಯವರು, ಸ್ಟೇಟ್‌ಬ್ಯಾಂಕ್ ಹತ್ತಿರದ ರಿಕ್ಷಾ ಡ್ರೈವರ್‌ಗಳು, ಸುರತ್ಕಲ್ ಕಡೆಯ ಸಣ್ಣ ಹೋಟೆಲಿನವರು, ಹೀಗೆ ಬೇರೆ ಬೇರೆ ಕಸುಬಿನವರನ್ನು ಆರಿಸಿದೆವು. ಆ್ಯಪ್ ಬಿಟ್ಟವರು, ಒಮ್ಮೆಯೂ ತೆರೆಯದವರು, ದಿನಾ ಬಳಸುವ ಕೆಲವರು, ಮೂರೂ ಬಗೆ ಇರುವಂತೆ ನೋಡಿಕೊಂಡೆವು. ದಿನಾ ಬಳಸುವವರನ್ನು ಬಿಟ್ಟಿದ್ದರೆ ಹೋಲಿಸಿ ನೋಡಲು ಏನೂ ಇರುತ್ತಿರಲಿಲ್ಲ.

ಒಂದೊಂದು ಜಾಗಕ್ಕೂ ಎರಡು ಬಗೆಯ ಭೇಟಿ. ಮೊದಲನೆಯದು ಕಲೆಕ್ಟರ್ ಸ್ಕೂಟರಿನ ಹಿಂದೆ ಕೂತು. ಎರಡನೆಯದು ಅವರಿಲ್ಲದೆ. ಕಲೆಕ್ಟರ್ ಜೊತೆಗಿದ್ದರೆ ವ್ಯವಹಾರ ಹೇಗೆ ನಡೆಯುತ್ತದೆ ಎಂದು ಕಾಣುತ್ತದೆ. ಆದರೆ ಅವರ ಎದುರು ಜನ ಎಲ್ಲವನ್ನೂ ಹೇಳುವುದಿಲ್ಲ. ದುಡ್ಡಿನ ವಿಷಯವಾದ್ದರಿಂದ ಇನ್ನೂ ಕೆಲವು ಕಟ್ಟುಪಾಡು ಹಾಕಿಕೊಂಡೆವು. ಗಿರಾಕಿ ಬಂದರೆ ಮಾತು ನಿಲ್ಲಿಸುವುದು. ಮೊತ್ತ ಕೇಳದಿರುವುದು. ಚೀಟಿಯ ಫೋಟೋ ತೆಗೆಯದಿರುವುದು. ದಕ್ಕೆಯಲ್ಲಿ ಏಲಂ ನಡೆಯುವ ಹೊತ್ತಿಗೆ ಹತ್ತಿರವೂ ಹೋಗದಿರುವುದು.

ಕಲೆಕ್ಟರ್ ಅಂಗಡಿಗೆ ಬಂದರೆ ಇಡೀ ವ್ಯವಹಾರ ಒಂದು ನಿಮಿಷದೊಳಗೆ ಮುಗಿಯುತ್ತದೆ. ನೋಟು ಮೊದಲೇ ಗಲ್ಲೆಯ ಮೂಲೆಯಲ್ಲಿ ಬೇರೆ ಇಟ್ಟಿರುತ್ತಾರೆ. ಕಲೆಕ್ಟರ್ ಮಶೀನ್‌ನಲ್ಲಿ ಒತ್ತುತ್ತಾರೆ, ಚೀಟಿ ಬರುತ್ತದೆ. ಅಂಗಡಿಯವರು ಚೀಟಿಯ ಕೆಳಗಿನ ಸಾಲಿನ ಒಟ್ಟು ಮೊತ್ತ ನೋಡುತ್ತಾರೆ, ತಲೆ ಆಡಿಸುತ್ತಾರೆ. ಹೋಗುವ ಮೊದಲು ಕಲೆಕ್ಟರ್ ಐನೂರರ ನೋಟಿಗೆ ಹತ್ತು, ಇಪ್ಪತ್ತರ ಚಿಲ್ಲರೆ ಕೊಟ್ಟು ಹೋಗುವುದೂ ಉಂಟು. ಬೆಳಗ್ಗಿನ ಹೊತ್ತು ಸಣ್ಣ ಅಂಗಡಿಗೆ ಚಿಲ್ಲರೆ ಎಷ್ಟು ಬೇಕು ಎಂದು ಅಲ್ಲಿ ನಿಂತವರಿಗೇ ಗೊತ್ತು.

ಕಂಕನಾಡಿಯ ಒಂದು ಗೂಡಂಗಡಿಯಲ್ಲಿ ಕಲೆಕ್ಟರ್ 200 ರೂಪಾಯಿ ತೆಗೆದುಕೊಂಡು ಚೀಟಿ ಕೊಟ್ಟು ಮುಂದಿನ ಅಂಗಡಿಗೆ ಹೋದರು. ನಾನು ಅಲ್ಲೇ ನಿಂತೆ.

‘ಅಣ್ಣ, ಆ್ಯಪ್ ತೆರೆದು ಒಮ್ಮೆ ತೋರಿಸ್ತೀರಾ?’

ಅವರು ತೆರೆದರು. ಪಿನ್ ಹಾಕಿದರು, ಒಟ್ಟು ಮೊತ್ತದ ಸ್ಕ್ರೀನ್‌ಗೆ ಹೋದರು. ಎಲ್ಲೂ ತಡವರಿಸಲಿಲ್ಲ. ಆಮೇಲೆ ಚೀಟಿಯನ್ನು ಫೋನಿನ ಪಕ್ಕಕ್ಕೆ ಹಿಡಿದರು. ಫೋನ್‌ನಲ್ಲಿ 200 ಕಡಿಮೆ ಇತ್ತು.

‘ನೋಡಿ, ಈಗ ಕೊಟ್ಟದ್ದು ಉಂಟಲ್ಲ. ಚೀಟಿಯಲ್ಲಿ ಬಂತು. ಇದ್ರಲ್ಲಿ ಬರ್ಲಿಲ್ಲ.’

‘ಆಮೇಲೆ ಬರ್ತದಾ?’

‘ನಾಳೆ ಬರ್ತದೆ ಅಂತ ಹೇಳ್ತಾರೆ. ಬರ್ತದೆ ಸಹ. ಆದ್ರೆ ನಾಳೆ ನೋಡುವಾಗ ನಾಳೆದ್ದು ಇರುದಿಲ್ಲ ಅಲ್ವಾ? ಯಾವಾಗ ನೋಡಿದ್ರೂ ಒಂದು ದಿನದ್ದು ಕಮ್ಮಿ. ಹಾಗಾದ್ರೆ ನೋಡುದು ಎಂತಕ್ಕೆ ಮಾರಾಯ್ರೆ?’

ಲಾಗ್‌ನಲ್ಲಿ ಕಂಡ ಒಗಟು ಇಲ್ಲಿ ಬಿಡಿಸಿಕೊಂಡಿತು. ಕಲೆಕ್ಟರ್‌ಗಳ ಹಳೆಯ ಮಶೀನನ್ನು ಸಂಜೆ ಶಾಖೆಗೆ ತಂದು ಕಂಪ್ಯೂಟರಿಗೆ ಜೋಡಿಸುತ್ತಾರೆ. ಆ ಲೆಕ್ಕ ಖಾತೆಗೆ ಏರುವುದು ಮರುದಿನ ಬೆಳಗ್ಗೆ. ಶನಿವಾರದ್ದು ಸೋಮವಾರ. ಮಶೀನ್ ಮಾತ್ರ ತನ್ನಲ್ಲಿರುವ ಹಳೆಯ ಮೊತ್ತಕ್ಕೆ ಇವತ್ತಿನದನ್ನು ಕೂಡಿಸಿ ಅಲ್ಲೇ ಚೀಟಿ ಕೊಡುತ್ತದೆ. ಹಾಗಾಗಿ ಚೀಟಿ ಯಾವಾಗಲೂ ಸರಿ, ಆ್ಯಪ್ ಯಾವಾಗಲೂ ಹಿಂದೆ. ಹಣ ಕೊಟ್ಟ ಕೂಡಲೇ ಆ್ಯಪ್ ತೆರೆದವರಿಗೆ ಗಾಬರಿ. ಮತ್ತೊಮ್ಮೆ ತೆರೆದು ನೋಡುತ್ತಾರೆ. ಆಮೇಲೆ ಶಾಖೆಗೆ ಫೋನ್.

ಇದು ಆಫೀಸಿನಲ್ಲಿ ಕೂತು ಮಾಡುವ ಯೂಸಬಿಲಿಟಿ ಟೆಸ್ಟ್‌ನಲ್ಲಿ ಸಿಗುವಂಥದ್ದಲ್ಲ. ಅಲ್ಲಿ ಡೆಮೊ ಖಾತೆ ಕೊಡುತ್ತಾರೆ, ‘ನಿಮ್ಮ ಒಟ್ಟು ಮೊತ್ತ ಹುಡುಕಿ’ ಎನ್ನುತ್ತಾರೆ. ಗೂಡಂಗಡಿಯವರು ಅದನ್ನು ಸಲೀಸಾಗಿ ಮಾಡಿ ತೋರಿಸುತ್ತಿದ್ದರು, ನಾವು ‘ಆ್ಯಪ್ ಸುಲಭವಾಗಿದೆ’ ಎಂದು ಬರೆಯುತ್ತಿದ್ದೆವು. ಗೂಗಲ್ ಫಾರ್ಮ್ ಹೋಗಿದ್ದರೆ ಅವರು ‘ನಂಬಿಕೆ ಇಲ್ಲ’ ಎಂದೋ ‘ಕಷ್ಟ’ ಎಂದೋ ಟಿಕ್ ಮಾಡಿ ಸುಮ್ಮನಾಗುತ್ತಿದ್ದರು.

ದಕ್ಕೆಯಲ್ಲಿ ಬೇರೆಯೇ ಸಂಗತಿ ಗೊತ್ತಾಯಿತು. ಅಲ್ಲಿ ಮಾತಾಡಿಸಿದ್ದು ನನ್ನ ಸಹೋದ್ಯೋಗಿ. ಅವಳ ಮನೆಮಾತು ತುಳು, ಹೆಂಗಸರು ಅವಳ ಹತ್ತಿರ ಬಿಚ್ಚಿ ಮಾತಾಡಿದರು. ಮೀನು ಮಾರುವಾಗ ಕೈ ಒದ್ದೆ, ಫೋನು ಪ್ಲಾಸ್ಟಿಕ್ ಕವರಿನೊಳಗೆ, ಕವರು ಚೀಲದ ಅಡಿಯಲ್ಲಿ. ಮನೆಗೆ ಹೋಗುವವರೆಗೆ ಅದನ್ನು ಹೊರತೆಗೆಯುವುದಿಲ್ಲ. ಒಬ್ಬ ಹಿರಿಯ ಹೆಂಗಸು ರಬ್ಬರ್ ಬ್ಯಾಂಡ್ ಹಾಕಿದ ಚೀಟಿಯ ಕಟ್ಟು ತೆಗೆದು ತೋರಿಸಿದರು. ಒಂದು ದಿನ 500, ಮರುದಿನ 50, ಅದರ ಮರುದಿನ ಏನೂ ಇಲ್ಲ. ಬಂಗುಡೆ ಚೆನ್ನಾಗಿ ಬಂದ ದಿನ ಜಾಸ್ತಿ ಕಟ್ಟುತ್ತಾರೆ. ಕಲೆಕ್ಟರ್ ಎಷ್ಟು ಕೊಟ್ಟರೂ ತೆಗೆದುಕೊಳ್ಳುತ್ತಾರೆ. ಆ್ಯಪ್‌ನಲ್ಲಾದರೆ ಖಾತೆ ತೆರೆಯುವಾಗ ಬರೆದ ಮೊತ್ತ ಮಾತ್ರ ಕಟ್ಟಲು ಬರುತ್ತಿತ್ತು. ನಿತ್ಯ ಒಂದೇ ಆದಾಯ ಬರುವವರಿಗೆ ಹೊಂದುವ ನಿಯಮ ಅದು. ದಕ್ಕೆಯಲ್ಲಿ ಅಂಥವರು ಎಲ್ಲಿದ್ದಾರೆ?

‘ಕೈಯಲ್ಲಿ ಇದ್ರೆ ಖರ್ಚಾಗ್ತದೆ ಮಗಾ’ ಎಂದರು ಅವರು. ‘ಅವನು ಬಂದು ತಕೊಂಡು ಹೋದ್ರೆ ಅದು ಹೋಯ್ತು. ಉಳಿತದೆ.’

ಆ್ಯಪ್ ಮಾಡಿದವರು ಪಿಗ್ಮಿಯನ್ನು ಒಂದು ಪಾವತಿ ಎಂದುಕೊಂಡಿದ್ದರು. ಇವರಿಗೆ ಅದು ಒಬ್ಬ ಮನುಷ್ಯ ಬರುವ ಹೊತ್ತು. ಬರುವವರಿದ್ದಾರೆ ಎಂಬ ಕಾರಣಕ್ಕೇ ಹಣ ಬೇರೆ ಇಡುತ್ತಾರೆ. ಆ ಹೊತ್ತನ್ನು ತೆಗೆದರೆ ಉಳಿತಾಯವೇ ನಿಲ್ಲಬಹುದು.

ಕಲೆಕ್ಟರ್ ಇಲ್ಲದ ಭೇಟಿಯಲ್ಲಿ ಇನ್ನೊಂದು ಮಾತು ಬಂತು. ‘ಆ್ಯಪ್‌ನಲ್ಲಿ ಕಟ್ಟಿದ್ರೆ ಅವ್ರಿಗೆ ಕಮಿಷನ್ ಇಲ್ಲ ಅಂತೆ. ಎಷ್ಟೋ ವರ್ಷದಿಂದ ಬರ್ತಾರೆ, ಬಿಡುದು ಹೇಗೆ?’ ಎಂದರು ಹೋಟೆಲಿನವರೊಬ್ಬರು. ಮ್ಯಾನೇಜರ್ ಇಲ್ಲದ ಕಡೆ ಚಹಾ ಕುಡಿಯುತ್ತ ಕಲೆಕ್ಟರ್‌ಗಳನ್ನು ಕೇಳಿದೆವು. ನಿಜ ಎಂದರು. ಆ್ಯಪ್ ಹಾಕಿಸುವ ಕೆಲಸ ಅವರದ್ದು, ಜನ ಅದನ್ನು ಬಳಸಿದರೆ ಕಡಿಮೆಯಾಗುವುದು ಅವರ ಸಂಪಾದನೆ.

‘ಇಷ್ಟೇ ಜನರನ್ನು ನೋಡಿ ಹೇಗೆ ಹೇಳ್ತೀರಿ?’

ಮಂಡಳಿಯಲ್ಲಿ ಈ ಪ್ರಶ್ನೆ ಬಂತು. ಬರಲೇಬೇಕಾದ ಪ್ರಶ್ನೆ, ಕೇಳಿದವರಿಗೆ ನಾನು ಮನಸಾರೆ ಧನ್ಯವಾದ ಹೇಳಿದೆ. ನಮ್ಮ ಉತ್ತರ ಎರಡು ಭಾಗದ್ದು.

ಲೆಕ್ಕ ಒಂದು ದಿನ ಹಿಂದಿರುವುದು ಯಾರ ಅಭಿಪ್ರಾಯವೂ ಅಲ್ಲ. ಒಬ್ಬರ ಫೋನ್‌ನಲ್ಲಿ ಕಂಡ ಮೇಲೆ ಸಂಘದ ವ್ಯವಸ್ಥೆಯಲ್ಲೇ ಪರೀಕ್ಷಿಸಿದೆವು. ಹಳೆಯ ಮಶೀನ್ ಇರುವ ದಾರಿಯ ಎಲ್ಲ ಖಾತೆಗೂ ಅದು ಹಾಗೇ. ಅದಕ್ಕೆ ಸಾವಿರ ಜನರನ್ನು ಕೇಳಬೇಕಾಗಿಲ್ಲ. ಆದರೆ ಎಷ್ಟು ಜನ ಇದೇ ಕಾರಣಕ್ಕೆ ಬಿಟ್ಟರು ಎಂದು ಕೇಳಿದರೆ, ಅದನ್ನು ಈ ಭೇಟಿಗಳಿಂದ ಹೇಳಲು ಬರುವುದಿಲ್ಲ. ಅದಕ್ಕೆ ಬೇರೆ ವಿಧಾನ ಬೇಕು, ಆ ಪ್ರಶ್ನೆಯ ಮೇಲೆ ದುಡ್ಡಿನ ತೀರ್ಮಾನ ನಿಂತಿದ್ದರೆ ಮಾಡೋಣ ಎಂದೆವು. ಡಿಸೈನ್ ಎಸ್ಟಿಮೇಟ್ ಅಲ್ಲಿಗೆ ಬದಿಗೆ ಹೋಯಿತು.

ಸಂಘದ ಒಂದು ಶಾಖೆಯಲ್ಲಿ ಎಲ್ಲ ಕಲೆಕ್ಟರ್‌ಗಳಿಗೂ ಸಿಮ್ ಇರುವ ಹೊಸ ಮಶೀನ್ ಬಂದಿತ್ತು. ಅದು ಆಗಿಂದಾಗಲೇ ಲೆಕ್ಕ ಕಳಿಸಬಲ್ಲದು. ಹಳೆಯ ಕ್ರಮದಂತೆ ಸಂಜೆ ಕಳಿಸುತ್ತಿದ್ದರು, ಅಷ್ಟೇ. ಅಲ್ಲಿ ಪ್ರಯೋಗ ಮಾಡುವುದೆಂದು ತೀರ್ಮಾನವಾಯಿತು. ಖಾತೆಗೆ ಏರುವುದು ಮರುದಿನವೇ ಆದರೂ, ಕಲೆಕ್ಟರ್ ಹಣ ಪಡೆದದ್ದನ್ನು ಆ್ಯಪ್ ಕೂಡಲೇ ತೋರಿಸಬೇಕು.

ಯೂಸಬಿಲಿಟಿ ಟೆಸ್ಟ್‌ಗೆ ಹೊತ್ತು ಬಂದದ್ದು ಈಗ. ಏನು ತೋರಿಸಬೇಕು ಎಂದು ಗೊತ್ತಾಗಿತ್ತು. ತೋರಿಸಿದ್ದು ಅರ್ಥವಾಗುತ್ತದಾ ಎಂದು ನೋಡಬೇಕಿತ್ತು. ಇದಕ್ಕೆ ಸ್ವಲ್ಪ ಜನ ಸಾಕು. ಯೂಸಬಿಲಿಟಿ ಸಂಶೋಧಕರಾದ ಯಾಕೋಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡಾವರ್ 1993ರಲ್ಲಿ ತೋರಿಸಿದ ಲೆಕ್ಕ ಇದೆ. ಸರಾಸರಿ ಒಬ್ಬರು ಶೇ. 31ರಷ್ಟು ತೊಂದರೆಗಳನ್ನು ಹೊರಗೆಡಹಿದರೆ, ಐದು ಜನರಲ್ಲಿ ಶೇ. 85ರ ಹತ್ತಿರ ಸಿಗುತ್ತದೆ. ಇದನ್ನು ಎಲ್ಲದಕ್ಕೂ ಹೇಳುವವರಿದ್ದಾರೆ. ಒಂದೇ ಬಗೆಯ ಬಳಕೆದಾರರಲ್ಲಿ ತೊಂದರೆ ಹುಡುಕಲು ಮಾತ್ರ ಅದು ಹೊಂದುತ್ತದೆ. ಐದರಲ್ಲಿ ಮೂವರು ಎಡವಿದರೆ ಶೇ. 60 ಜನ ಎಡವುತ್ತಾರೆ ಎಂದು ಬರೆಯುವಂತಿಲ್ಲ. ಅಂಗಡಿಯವರನ್ನು, ಮೀನು ಮಾರುವವರನ್ನು ಬೇರೆ ಬೇರೆಯಾಗಿ, ಅವರವರ ಜಾಗದಲ್ಲೇ ಕೂತು ನೋಡಿದೆವು.

ಮೊದಲ ನಮೂನೆಯಲ್ಲಿ ಎರಡು ಮೊತ್ತ ಇದ್ದವು. ಮೇಲೆ ಖಾತೆಯಲ್ಲಿರುವುದು, ಕೆಳಗೆ ಇವತ್ತಿನದನ್ನೂ ಸೇರಿಸಿದ್ದು. ಜನ ಎರಡನ್ನೂ ಕೂಡಿಸತೊಡಗಿದರು. ತಿದ್ದಿದ ನಮೂನೆಯಲ್ಲಿ ಚೀಟಿಯಲ್ಲಿರುವ ಒಂದೇ ಮೊತ್ತ ದೊಡ್ಡದಾಗಿ ಇತ್ತು. ಅದರ ಕೆಳಗೆ ‘ಇಂದಿನ 200 ರೂಪಾಯಿ ಕಲೆಕ್ಟರ್ ಪಡೆದಿದ್ದಾರೆ, 11.20’ ಎಂದು ಒಂದು ಸಾಲು. ಈ ಸಲ ಚೀಟಿ ಮತ್ತು ಫೋನನ್ನು ಪಕ್ಕಪಕ್ಕ ಹಿಡಿದು ನೋಡಿದವರು ‘ಸರಿ ಉಂಟು’ ಎಂದು ಫೋನ್ ಕಿಸೆಗೆ ಹಾಕಿದರು.

ಗೀಟಿನ ಪುಸ್ತಕ

ಬದಲಾವಣೆಯಿಂದ ಉಪಯೋಗವಾಯಿತಾ ಎಂದು ಅಳೆಯಲು ನಾವು ಇಟ್ಟದ್ದು ಒಂದು ಬರೆಯುವ ಪುಸ್ತಕ. ಶಾಖೆಯ ಫೋನಿನ ಪಕ್ಕ ಇಟ್ಟು, ‘ಎಷ್ಟಾಯ್ತು?’ ಎಂದು ಕೇಳುವ ಪ್ರತಿ ಕರೆಗೆ ಒಂದು ಗೀಟು ಎಳೆಯಿರಿ ಎಂದೆವು. ಪ್ರಯೋಗದ ಶಾಖೆಯಲ್ಲಿ ಬದಲಾವಣೆಗೆ ಮೊದಲೂ ಆಮೇಲೂ ಎಳೆದರು. ಏನೂ ಬದಲಾಗದ ಇನ್ನೊಂದು ಶಾಖೆಯಲ್ಲೂ ಅದೇ ದಿನಗಳಲ್ಲಿ ಎಳೆದರು. ಎರಡನೆಯ ಶಾಖೆ ತುಂಬ ಮುಖ್ಯ. ಚೌತಿ, ನವರಾತ್ರಿ ಬಂದರೆ ಕರೆಗಳು ತಾವಾಗಿಯೇ ಹೆಚ್ಚು ಕಡಿಮೆ ಆಗುತ್ತವೆ. ಹೋಲಿಸಲು ಇನ್ನೊಂದು ಶಾಖೆ ಇಲ್ಲದಿದ್ದರೆ ಹಬ್ಬದ ಪರಿಣಾಮವನ್ನು ಆ್ಯಪ್‌ನದು ಎಂದುಕೊಳ್ಳುವ ಅಪಾಯ ಇತ್ತು. ಪ್ರಯೋಗದ ಶಾಖೆಯಲ್ಲಿ ಗೀಟುಗಳು ಎದ್ದು ಕಾಣುವಷ್ಟು ಕಡಿಮೆಯಾದವು. ಇನ್ನೊಂದರಲ್ಲಿ ಹೆಚ್ಚುಕಮ್ಮಿ ಹಾಗೇ ಉಳಿದವು.

ಸರ್ವೇ ಮಾಡಿದ್ದು ಇದಾದ ಮೇಲೆ. ಉಳಿದ ಶಾಖೆಗಳಿಗೆ ಹೊಸ ಮಶೀನ್ ಕೊಳ್ಳಬೇಕೇ ಎಂದು ಮಂಡಳಿ ತೀರ್ಮಾನಿಸಬೇಕಿತ್ತು. ಸದಸ್ಯರ ಪುಸ್ತಕದಿಂದ ಸುಮಾರು ನೂರು ಹೆಸರು ಯಾದೃಚ್ಛಿಕವಾಗಿ ತೆಗೆದು, ಅವರವರ ಭಾಷೆಯಲ್ಲಿ ಫೋನ್ ಮಾಡಿ ಕೇಳಿದೆವು. ಪ್ರಶ್ನೆ ಮೂರೇ. ಪಿಗ್ಮಿ ಎಷ್ಟಾಯಿತು ಎಂದು ಯಾವುದರಲ್ಲಿ ನೋಡುತ್ತೀರಿ, ಆ್ಯಪ್‌ನ ಮೊತ್ತ ಚೀಟಿಗಿಂತ ಕಡಿಮೆ ಇದ್ದದ್ದನ್ನು ಕಂಡಿದ್ದೀರಾ, ಕಂಡಾಗ ಏನು ಮಾಡಿದಿರಿ. ಫೋನ್ ಮಾಡಿದ್ದು ಸಂಘದವರಲ್ಲ, ನಾವು. ನೂರು ಜನರ ಲೆಕ್ಕ 10ರಷ್ಟು ಆಚೀಚೆ ಹೋಗಬಹುದು ಎಂದು ಮೊದಲೇ ಹೇಳಿದ್ದೆವು. ಬಂದ ಉತ್ತರ ಒಂದೇ ಕಡೆಗೆ ಎಷ್ಟು ವಾಲಿತ್ತು ಎಂದರೆ, ಅಷ್ಟು ಆಚೀಚೆಯಾದರೂ ತೀರ್ಮಾನ ಬದಲಾಗುವಂತಿರಲಿಲ್ಲ. 385 ಜನರವರೆಗೆ ಹೋಗುವ ಖರ್ಚು ಉಳಿಯಿತು.

ಮಶೀನ್ ಕೊಳ್ಳಲು ಮಂಡಳಿ ಒಪ್ಪಿದೆ. ಆ್ಯಪ್‌ನಲ್ಲಿ ಎಷ್ಟು ಬೇಕಾದರೂ ಕಟ್ಟುವ ಅವಕಾಶವೂ ಬರಲಿದೆ. ಕಮಿಷನ್ ವಿಷಯ ಇನ್ನೂ ಮಂಡಳಿಯ ಮುಂದಿದೆ. ಸದಸ್ಯರು ಆ್ಯಪ್‌ನಲ್ಲಿ ಕಟ್ಟಿದರೂ ಆ ದಾರಿಯ ಕಲೆಕ್ಟರ್‌ಗೆ ಕಮಿಷನ್ ಸಿಗಲಿ ಎಂಬ ಒಂದು ಪ್ರಸ್ತಾವವಿದೆ. ಅದರಿಂದ ಸಂಘಕ್ಕೆ ಎಷ್ಟು ಹೊರೆ, ಕಲೆಕ್ಟರ್‌ಗಳಿಗೆ ಎಷ್ಟು ಆಧಾರ ಎಂದು ಸದಸ್ಯರನ್ನು ಕೇಳಿ ತಿಳಿಯಲಾಗದು. ಹಾಗಾಗಿ ಕಲೆಕ್ಟರ್‌ಗಳ ತಿಂಗಳುವಾರು ಸಂಪಾದನೆಯ ಲೆಕ್ಕವನ್ನು, ಜೂನ್ ಮತ್ತು ಜುಲೈಯದನ್ನೂ ಸೇರಿಸಿ ಕೊಡಿ ಎಂದು ಕೇಳಿದ್ದೇವೆ. ಅದು ಕೈಗೆ ಬಂದ ಮೇಲೆ ಒಬ್ಬೊಬ್ಬ ಕಲೆಕ್ಟರ್ ಜೊತೆ ಬೇರೆ ಬೇರೆಯಾಗಿ, ಶಾಖೆಯ ಹೊರಗೆ ಮಾತಾಡಲಿದ್ದೇವೆ.